ಇಮ್ಮಡಿ ಜಯಕೇಶಿ

ಇಮ್ಮಡಿ ಜಯಕೇಶಿ (ಆಳ್ವಿಕೆ: ಸು. 1104–1147) ಗೋವೆಯ ಕದಂಬ ಮನೆತನದ ಅರಸ. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದ ಈತನು ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ವಿರುದ್ಧ ಬಂಡೆದ್ದನು. ಅದೇ ಚಕ್ರವರ್ತಿಯ ಮಗಳಾದ ಮೈಲಲದೇವಿಯ ಪತಿಯೂ ಈತನೇ. ಕೊಂಕಣದ ಕರಾವಳಿ, ಪಶ್ಚಿಮ ಘಟ್ಟದ ಕಣಿವೆದಾರಿಗಳು ಹಾಗೂ ಘಟ್ಟದ ಮೇಲಣ ಪಲಸಿಗೆ ನಾಡು ಈತನ ಅಧೀನದಲ್ಲಿದ್ದವು. 'ಕೊಂಕಣ ಚಕ್ರವರ್ತಿ' ಎಂಬುದು ಈತನ ಬಿರುದು. ಮಧ್ಯಕಾಲೀನ ಕರ್ನಾಟಕದಲ್ಲಿ ಮಾಂಡಲಿಕರ ಮತ್ತು ಸಾರ್ವಭೌಮರ ನಡುವೆ ಇದ್ದ ಸಂಬಂಧವನ್ನು ಅರಿಯಲು ಈತನ ಆಳ್ವಿಕೆಯು ಉತ್ತಮ ನಿದರ್ಶನವಾಗಿದೆ.

ಮನೆತನ

ಗೋವೆಯ ಕದಂಬರು ತಮ್ಮನ್ನು ಬನವಾಸಿಯ ಪ್ರಾಚೀನ ಕದಂಬರ ವಂಶಜರೆಂದು ಕರೆದುಕೊಂಡರು. ಸಿಂಹಲಾಂಛನ, ವಾನರಧ್ವಜ ಹಾಗೂ 'ಬನವಾಸಿ ಪುರವರಾಧೀಶ್ವರ' ಎಂಬ ಬಿರುದು ಈ ಹಕ್ಕಿನ ಗುರುತುಗಳಾಗಿದ್ದವು. ಸಪ್ತಕೋಟೀಶ್ವರನು ಇವರ ಕುಲದೈವ. ಇವರ ರಾಜಧಾನಿ ಮೊದಲು ಚಂದ್ರಪುರದಲ್ಲಿ (ಇಂದಿನ ಚಾಂದೋರ) ಇತ್ತು. 11ನೆಯ ಶತಮಾನದ ಮಧ್ಯಭಾಗದಲ್ಲಿ ಒಂದನೆಯ ಜಯಕೇಶಿಯು ಅದನ್ನು ಜುವಾರಿ ನದಿಯ ಅಳಿವೆಯಲ್ಲಿದ್ದ ಗೋಪಕಪಟ್ಟಣಕ್ಕೆ ಸ್ಥಳಾಂತರಿಸಿದನು. ಇದರಿಂದ ಸಮುದ್ರ ವ್ಯಾಪಾರದ ಸುಂಕ ನೇರವಾಗಿ ಅರಸನ ಕೈಸೇರುವಂತಾಯಿತು.

ವಿಕ್ರಮಾದಿತ್ಯನು ಇನ್ನೂ ರಾಜಕುಮಾರನಾಗಿದ್ದಾಗ ಒಂದನೆಯ ಜಯಕೇಶಿಯು ಕಾಣಿಕೆಗಳೊಂದಿಗೆ ಬಂದು ಅವನನ್ನು ಕಂಡನೆಂದು ಬಿಲ್ಹಣನ 'ವಿಕ್ರಮಾಂಕದೇವಚರಿತ' ಹೇಳುತ್ತದೆ. ಕದಂಬರ ಶಾಸನಗಳಾದರೋ ಚಾಲುಕ್ಯನನ್ನು ಸಿಂಹಾಸನದಲ್ಲಿ ನೆಲೆಗೊಳಿಸಿದವನು ಜಯಕೇಶಿಯೇ ಎನ್ನುತ್ತವೆ. ಒಂದೇ ಮೈತ್ರಿಯನ್ನು ಚಕ್ರವರ್ತಿಯ ಕವಿಯು ಶರಣಾಗತಿಯೆಂದೂ ಮಾಂಡಲಿಕನ ಶಾಸನಕವಿಯು ಉಪಕಾರವೆಂದೂ ಬಣ್ಣಿಸಿದ್ದಾರೆ. ಮುಂದೆ ಇಮ್ಮಡಿ ಜಯಕೇಶಿಯ ಕಾಲದಲ್ಲಿ ಬಯಲಿಗೆ ಬಂದ ಬಿಕ್ಕಟ್ಟಿನ ಬೇರು ಈ ಭಿನ್ನಾಭಿಪ್ರಾಯದಲ್ಲಿಯೇ ಇದೆ.

ಅಧಿಕಾರದ ನೆಲೆ

ಇಮ್ಮಡಿ ಜಯಕೇಶಿಯು ವಿಜಯಾದಿತ್ಯನ ಮಗ. ಕೊಂಕಣ 900 ಮತ್ತು ಪಲಸಿಗೆ 12000 ಎಂಬವು ಈತನ ರಾಜ್ಯದ ಮುಖ್ಯ ಭಾಗಗಳು. ನಾಡಿನ ಹೆಸರಿನೊಂದಿಗೆ ಬರುವ ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪಲಸಿಗೆಯೆಂದರೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿ. ಗೋಪಕಪಟ್ಟಣವು ಕರಾವಳಿಯ ರಾಜಧಾನಿಯಾಗಿದ್ದಂತೆ ಹಲಸಿಯು ಘಟ್ಟದ ಮೇಲಿನ ರಾಜಧಾನಿಯಾಗಿತ್ತು. ಧಾರವಾಡದ ಸಮೀಪದ ನರೇಂದ್ರವು ಅಂದು ಕುಂದೂರು ಎಂಬ ಹೆಸರಿನಿಂದ 'ಕುಂದೂರು 500' ಎಂಬ ವಿಭಾಗದ ಕೇಂದ್ರವಾಗಿತ್ತು. ದೇವಿಕೊಪ್ಪ, ತಂಬೂರು ಮೊದಲಾದ ಊರುಗಳಿರುವ ಇಂದಿನ ಕಲಘಟಗಿ ತಾಲ್ಲೂಕು ಬಯಲುಸೀಮೆಯು ಮಲೆನಾಡನ್ನು ಸೇರುವ ಅಂಚಿನಲ್ಲಿದೆ. ಕದಂಬರ ಘಟ್ಟದ ಮೇಲಣ ಸೀಮೆ ಹಬ್ಬಿದ್ದುದು ಈ ಭಾಗದಲ್ಲಿಯೇ.

ಒಳನಾಡಿನ ಸರಕು ಬಂದರು ತಲುಪಬೇಕಾದರೆ ಘಟ್ಟದ ಹಾದಿಗಳ ಮೂಲಕವೇ ಸಾಗಬೇಕಿತ್ತು. ಹಾದಿಯೂ ಬಂದರೂ ಒಬ್ಬನದೇ ಆಗಿದ್ದುದು ಜಯಕೇಶಿಯ ಬಲದ ಮೂಲವಾಗಿತ್ತು. ಕಲ್ಯಾಣದ ಅಶ್ವದಳ ಮತ್ತು ಗಜದಳಗಳಿಗೆ ದಟ್ಟಕಾಡಿನ ಕಣಿವೆಗಳಲ್ಲಿ ಕಾದಾಡುವುದು ಸುಲಭವಾಗಿರಲಿಲ್ಲ.

ಮಾಂಡಲಿಕನ ಕರ್ತವ್ಯಗಳು

ಚಾಲುಕ್ಯ ಆಡಳಿತದಲ್ಲಿ ಮಹಾಮಂಡಲೇಶ್ವರನು ತನ್ನ ನಾಡಿನಲ್ಲಿ ಕಂದಾಯ ಎತ್ತುವ, ನ್ಯಾಯ ನೀಡುವ, ದಾನ ಕೊಡುವ ಮತ್ತು ಸೈನ್ಯವಿಡುವ ಅಧಿಕಾರ ಹೊಂದಿದ್ದನು. ಇದಕ್ಕೆ ಪ್ರತಿಯಾಗಿ ಕಪ್ಪ ಸಲ್ಲಿಸುವುದು, ಯುದ್ಧಕಾಲದಲ್ಲಿ ದಂಡಿನೊಡನೆ ಬರುವುದು ಮತ್ತು ಶಾಸನಗಳಲ್ಲಿ ಚಕ್ರವರ್ತಿಯ ಹೆಸರನ್ನು ಮೊದಲು ಹೇಳುವುದು ಅವನ ಕರ್ತವ್ಯವಾಗಿತ್ತು. ವಿಕ್ರಮಾದಿತ್ಯನು 1076ರಲ್ಲಿ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ ಮೇಲೆ ಆ ಶಕೆಯಲ್ಲಿ ಕಾಲವನ್ನು ನಮೂದಿಸುವುದೂ ನಿಷ್ಠೆಯ ಗುರುತಾಯಿತು. ಹೆಜ್ಜುಂಕ, ವಡ್ಡರಾವುಳ, ಪನ್ನಾಯಗಳಂಥ ಸುಂಕಗಳನ್ನು ನೋಡಿಕೊಳ್ಳಲು ಚಕ್ರವರ್ತಿಯು ತನ್ನ ದಂಡನಾಯಕರನ್ನು ನೇಮಿಸುತ್ತಿದ್ದನು. ಮಾಂಡಲಿಕ ಮತ್ತು ಸಾರ್ವಭೌಮರ ನಡುವಣ ತಿಕ್ಕಾಟಕ್ಕೆ ಸುಂಕದ ಹಕ್ಕು ಒಂದು ಮುಖ್ಯ ಕಾರಣವಾಗಿತ್ತು.

ಬಂಡಾಯ

12ನೆಯ ಶತಮಾನದ ಆರಂಭದಲ್ಲಿ ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಚಾಲುಕ್ಯರ ಅಧೀನತೆಯಿಂದ ಬಿಡಿಸಿಕೊಳ್ಳಲು ಯತ್ನಿಸಿದನು. ಅವನ ಸೇನಾಪತಿ ಗಂಗರಾಜನು ಹನ್ನೆರಡು ಸಾಮಂತರೊಡನೆ ಕನ್ನೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ದಂಡಿನ ಮೇಲೆ ರಾತ್ರಿ ದಾಳಿ ನಡೆಸಿ ಗೆದ್ದನೆಂದು 1118ರ ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಈ ಸಂಘರ್ಷದಲ್ಲಿ ಉಚ್ಚಂಗಿಯ ಪಾಂಡ್ಯರೂ ಗೋವೆಯ ಜಯಕೇಶಿಯೂ ಹೊಯ್ಸಳರ ಪಕ್ಷ ವಹಿಸಿದರು.

ಬಂಡಾಯವನ್ನು ಅಡಗಿಸಲು ವಿಕ್ರಮಾದಿತ್ಯನು ಎರಂಬರಗೆಯ (ಇಂದಿನ ಯಲಬುರ್ಗಾ) ಸಿಂದ ಮಾಂಡಲಿಕನಾದ ಇಮ್ಮಡಿ ಆಚುಗಿಯನ್ನು ಕಳುಹಿಸಿದನು. ಚಕ್ರವರ್ತಿಯ ಆಜ್ಞೆಯಂತೆ ಆಚುಗಿಯು ಹೊಯ್ಸಳನನ್ನು ಬೆನ್ನಟ್ಟಿ, ಗೋವೆಯನ್ನು ಹಿಡಿದು, ಪಾಂಡ್ಯನನ್ನು ಅಟ್ಟಿ, ಕೊಂಕಣವನ್ನು ವಶಪಡಿಸಿಕೊಂಡನೆಂದು ಸಿಂದರ ಶಾಸನಗಳು ಹೇಳುತ್ತವೆ. ಅವನ ಮಗ ಪೆರ್ಮಾಡಿಯು ಜಯಕೇಶಿಯನ್ನು ಬೆದರಿಸಿ ಓಡಿಸಿದನೆಂದೂ ಅವುಗಳಲ್ಲಿದೆ. ಗದಗ ಜಿಲ್ಲೆಯ ನರೇಗಲ್ಲ ಮತ್ತು ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನಲ್ಲಿ ದೊರೆತ ಶಾಸನಗಳು ಸಿಂದರ ಈ ಸಾಹಸಗಳಿಗೆ ಮುಖ್ಯ ಆಧಾರ.

ಒಬ್ಬ ಮಾಂಡಲಿಕನನ್ನು ಮಣಿಸಲು ಮತ್ತೊಬ್ಬ ಮಾಂಡಲಿಕನನ್ನು ಬಳಸುವುದು ಚಾಲುಕ್ಯರ ರಾಜನೀತಿಯಾಗಿತ್ತು. ಇದರಿಂದ ಬಂಡಾಯವು ತತ್ಕಾಲಕ್ಕೆ ಅಡಗಿತಾದರೂ ಗೆದ್ದುಕೊಟ್ಟ ಮಾಂಡಲಿಕನ ಬಲ ಬೆಳೆಯಿತು. ಗೋವೆಯನ್ನು ಗೆದ್ದ ಮೇಲೂ ಕದಂಬರನ್ನು ಪದಚ್ಯುತಗೊಳಿಸಲಿಲ್ಲ. ಜಯಕೇಶಿಯು ತನ್ನ ನಾಡುಗಳಲ್ಲಿ ಆಳ್ವಿಕೆಯನ್ನು ಮುಂದುವರಿಸಿದನು.

ಮೈಲಲದೇವಿಯೊಡನೆ ವಿವಾಹ

ನರೇಂದ್ರದಲ್ಲಿ ದೊರೆತ 1125 ಮತ್ತು 1126ರ ಶಾಸನಗಳು ಗೋವೆಯ ಕದಂಬರ ಇತಿಹಾಸಕ್ಕೆ ಬಹುಮುಖ್ಯ ಆಕರಗಳು. ಇವುಗಳನ್ನು ಎಲ್. ಡಿ. ಬಾರ್ನೆಟ್ ಸಂಪಾದಿಸಿದ್ದಾರೆ. ಮನೆತನದ ಪೂರ್ವಜರ ಕಡಲಯಾನಗಳನ್ನು ವರ್ಣಿಸುವ ಈ ಶಾಸನಗಳು ಜಯಕೇಶಿಯ ರಾಣಿಯಾಗಿ ಮೈಲಲದೇವಿಯನ್ನು ಸ್ತುತಿಸುತ್ತವೆ. ಚಕ್ರವರ್ತಿಯ ಅಳಿಯನಾಗಿದ್ದರಿಂದ ಜಯಕೇಶಿಗೆ ಇತರ ಮಾಂಡಲಿಕರಿಗಿಲ್ಲದ ಘನತೆ ದೊರೆಯಿತು. ಕಾಳಗದಿಂದ ಕಿತ್ತುಹಾಕಲಾಗದ ಅರಸನನ್ನು ಬಂಧುತ್ವದಿಂದ ಕಟ್ಟಿಹಾಕುವುದು ಚಕ್ರವರ್ತಿಗೂ ಅನುಕೂಲಕರವಾಗಿತ್ತು. ಈ ದಂಪತಿಯ ಮಕ್ಕಳಾದ ಶಿವಚಿತ್ತ ಪೆರ್ಮಾಡಿ ಮತ್ತು ವಿಷ್ಣುಚಿತ್ತ ವಿಜಯಾದಿತ್ಯರು ಮುಂದೆ ಗೋವೆಯನ್ನು ಆಳಿದರು.

ಕೊನೆಯ ವರ್ಷಗಳು

1126ರಲ್ಲಿ ವಿಕ್ರಮಾದಿತ್ಯನು ಮರಣ ಹೊಂದಿದನು. ಮೂರನೆಯ ಸೋಮೇಶ್ವರನ ಕಾಲದಿಂದ ಕಲ್ಯಾಣದ ಹಿಡಿತ ಸಡಿಲವಾಗತೊಡಗಿತು. ವಿಷ್ಣುವರ್ಧನನು ಹಾನಗಲ್ಲು, ಬಂಕಾಪುರಗಳವರೆಗೆ ಮುನ್ನುಗ್ಗಿದನು. ಅವನು ಜಯಕೇಶಿಯ ಪಲಸಿಗೆ ನಾಡನ್ನು ಗೆದ್ದನೆಂಬ ಉಲ್ಲೇಖ ಹೊಯ್ಸಳ ಶಾಸನಗಳಲ್ಲಿದೆ. ಹಿಂದೆ ಸಮಾನ ಒಡೆಯನ ವಿರುದ್ಧ ಮಿತ್ರರಾಗಿದ್ದವರು ಆ ಒಡೆಯನ ಬಲ ಕುಗ್ಗಿದಾಗ ಪರಸ್ಪರ ಸ್ಪರ್ಧಿಗಳಾದರು. ಆದರೂ ಪಲಸಿಗೆ ನಾಡು ಕದಂಬರ ಕೈತಪ್ಪಲಿಲ್ಲ.

ನಂತರದ ಬೆಳವಣಿಗೆ

ಜಯಕೇಶಿಯ ನಂತರ ಶಿವಚಿತ್ತ ಪೆರ್ಮಾಡಿಯು ಪಟ್ಟಕ್ಕೆ ಬಂದನು. ಅವನ ಆಳ್ವಿಕೆಯಲ್ಲಿ ಕಲ್ಯಾಣದ ಸಿಂಹಾಸನವನ್ನು ಕಳಚುರಿ ಬಿಜ್ಜಳನು ಆಕ್ರಮಿಸಿದನು. ಬಿಜ್ಜಳನೂ ಮೂಲತಃ ಚಾಲುಕ್ಯರ ಮಾಂಡಲಿಕನೇ ಆಗಿದ್ದನು. ಹಲಸಿಯಲ್ಲಿ ದೊರೆತ ಶಿವಚಿತ್ತನ ಶಾಸನವು ಕಲಿಯುಗ 4270, ಅಂದರೆ ಕ್ರಿ.ಶ. 1169ಕ್ಕೆ ಸೇರಿದ್ದು, ಅದನ್ನು ಅವನ ಆಳ್ವಿಕೆಯ 23ನೆಯ ವರ್ಷವೆಂದು ಕರೆಯುತ್ತದೆ. ಚಾಲುಕ್ಯ ವಿಕ್ರಮ ಶಕೆಯ ಸ್ಥಾನದಲ್ಲಿ ಕಲಿಯುಗದ ಗಣನೆ ಮತ್ತು ಸ್ವಂತ ಆಳ್ವಿಕೆಯ ವರ್ಷಗಳು ಬಂದದ್ದು ಮೇಲೊಬ್ಬ ಒಡೆಯನಿಲ್ಲವೆಂಬ ನಿಲುವಿನ ಸೂಚನೆಯಾಗಿದೆ. ಇಮ್ಮಡಿ ಜಯಕೇಶಿಗೆ ಯುದ್ಧದಿಂದ ದಕ್ಕದ ಸ್ವಾತಂತ್ರ್ಯವು ಸಾಮ್ರಾಜ್ಯದ ಕುಸಿತದಿಂದ ಅವನ ಮಗನಿಗೆ ದಕ್ಕಿತು.

ಇದು ಬಹುಕಾಲ ಉಳಿಯಲಿಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರು ಈ ಪ್ರದೇಶದಲ್ಲಿ ಪ್ರಬಲರಾದರು. ಸಿಂಘಣನ ದಂಡನಾಯಕ ಬೀಚಣನು ರಟ್ಟರು, ಗುತ್ತರು ಮತ್ತು ಕೊಂಕಣದ ಕದಂಬರನ್ನು ಮಣಿಸಿದನೆಂದು 1238ರ ಹರಳಹಳ್ಳಿ ಶಾಸನ ತಿಳಿಸುತ್ತದೆ.

ಹೋಲಿಕೆ

ಕಡಲು ಮತ್ತು ಬೆಟ್ಟಗಳ ಆಸರೆಯಿಂದ ಬಲಗೊಂಡ ಮನೆತನಗಳು ಸಾರ್ವಭೌಮರನ್ನು ಎದುರಿಸಿದ ನಿದರ್ಶನಗಳು ಬೇರೆ ದೇಶಗಳಲ್ಲಿಯೂ ಇವೆ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳನ್ನು ಆಳಿದ ಗೇಲಿಕ್ ಮೂಲದ ಮ್ಯಾಕ್‌ಡೊನಾಲ್ಡ್ ಕುಲದ ಮುಖ್ಯಸ್ಥರು 'ದ್ವೀಪಗಳ ಒಡೆಯರು' ಎನಿಸಿಕೊಂಡಿದ್ದರು. ಅವರಲ್ಲಿ ಜಾನ್ ಎಂಬವನು 1350ರಲ್ಲಿ, ಮುಂದೆ ಸ್ಕಾಟ್ಲೆಂಡಿನ ದೊರೆಯಾದ ಇಮ್ಮಡಿ ರಾಬರ್ಟನ ಮಗಳು ಮಾರ್ಗರೆಟ್‌ಳನ್ನು ವಿವಾಹವಾದನು. ಅದೇ ವಂಶದವರು 1462ರಲ್ಲಿ ಸ್ಕಾಟ್ ದೊರೆಯ ವಿರುದ್ಧ ಇಂಗ್ಲೆಂಡಿನೊಡನೆ ಒಪ್ಪಂದ ಮಾಡಿಕೊಂಡರು. 1493ರಲ್ಲಿ ದೊರೆಯು ಅವರ ಪದವಿಯನ್ನು ಕಿತ್ತುಕೊಂಡನು. ವಿವಾಹ ಸಂಬಂಧ ಮತ್ತು ನೆರೆರಾಜ್ಯದೊಡನೆ ಮೈತ್ರಿ ಎಂಬ ಎರಡು ಅಂಶಗಳು ಜಯಕೇಶಿಯ ಇತಿಹಾಸವನ್ನು ಹೋಲುತ್ತವೆ. ಪರಿಣಾಮ ಮಾತ್ರ ಬೇರೆ: ಅಲ್ಲಿ ಸಾರ್ವಭೌಮನು ಉಳಿದು ಕುಲದ ಅಧಿಕಾರ ಅಳಿಯಿತು, ಇಲ್ಲಿ ಚಾಲುಕ್ಯ ಸಾಮ್ರಾಜ್ಯ ಅಳಿದ ಮೇಲೂ ಮಾಂಡಲಿಕ ಮನೆತನವು ಹಲವು ದಶಕಗಳ ಕಾಲ ಉಳಿಯಿತು.

ಸ್ಮಾರಕಗಳು

ಹಲಸಿಯ ಭೂವರಾಹ ನರಸಿಂಹ ದೇವಾಲಯ ಮತ್ತು ಬೆಳಗಾವಿ ಜಿಲ್ಲೆಯ ದೇಗಾಂವದ ಕಮಲನಾರಾಯಣ ದೇವಾಲಯ ಈ ಮನೆತನದ ಪ್ರಮುಖ ಸ್ಮಾರಕಗಳು. ಎರಡನೆಯದನ್ನು ಜಯಕೇಶಿಯ ಸೊಸೆ, ಶಿವಚಿತ್ತನ ರಾಣಿ ಕಮಲಾದೇವಿಯು ಕಟ್ಟಿಸಿದಳು. ಗೋವಾದ ತಾಂಬ್ಡಿ ಸುರ್ಲಾದ ಮಹಾದೇವ ದೇವಾಲಯವೂ ಕದಂಬರ ಕಾಲದ್ದು. ಗೋವಾ ರಾಜ್ಯದ ಸಾರಿಗೆ ನಿಗಮವು ಇಂದಿಗೂ ಕದಂಬರ ಹೆಸರನ್ನು ಹೊಂದಿದೆ.