ಒಮಾನ್ ಕೊಲ್ಲಿಯ ಒಂದು ರಾತ್ರಿ

ವೈದ್ಯಕೀಯ ಮೊದಲ ವರ್ಷದಲ್ಲಿ ಶರೀರಕ್ರಿಯಾಶಾಸ್ತ್ರ ಓದಿದವರಾರೂ ಲುಯಿಜಿ ಗಾಲ್ವಾನಿಯ ಹೆಸರನ್ನು ಮರೆಯುವಂತಿಲ್ಲ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಮಿಡುಕುವುದನ್ನು ಹದಿನೆಂಟನೆಯ ಶತಮಾನದಲ್ಲಿ ಕಂಡ ಇಟಲಿಯ ವೈದ್ಯ ಆತ. ಎಂ.ಬಿ.ಬಿ.ಎಸ್. ಪ್ರಯೋಗಾಲಯದಲ್ಲಿ ನಾವೂ ಕಪ್ಪೆಯ ಕಾಲು ಕುಣಿಸಿದವರೇ. ಅದೇ ಹೆಸರಿನ ಜಲಾಂತರ್ಗಾಮಿಯೊಂದು, ನಾವೀಗ ಬದುಕು ಕಟ್ಟಿಕೊಂಡಿರುವ ದೋಹಾದಿಂದ ನೇರ ಗೆರೆಯಲ್ಲಿ 500 ಕಿಲೋಮೀಟರಿಗೆ ತುಸು ಆಚೆ, ಒಮಾನ್ ಕೊಲ್ಲಿಯಲ್ಲಿ ಮುಳುಗಿತೆಂಬುದು ನಮಗೆ ತಿಳಿದದ್ದು ಇಲ್ಲಿಗೆ ಬಂದು ಎಷ್ಟೋ ವರ್ಷಗಳ ಮೇಲೆ. ಮುಳುಗಿಸಿದ್ದು ಬ್ರಿಟಿಷ್ ನೌಕಾಪಡೆಯ 'ಫಾಲ್ಮತ್' ಎಂಬ ಬೆಂಗಾವಲು ಹಡಗು.

ಫಾಲ್ಮತ್ ದೊಡ್ಡ ಯುದ್ಧನೌಕೆಯೇನೂ ಅಲ್ಲ. 1932ರಲ್ಲಿ ನೀರಿಗಿಳಿದ, ಸಾವಿರ ಟನ್ನಿನ ಆಸುಪಾಸಿನ 'ಸ್ಲೂಪ್'. ಸರಕಿನ ಹಡಗುಗಳಿಗೆ, ತೈಲದ ಹಡಗುಗಳಿಗೆ ಕಾವಲು ಹೋಗುವುದು, ಜಲಾಂತರ್ಗಾಮಿ ಸಿಕ್ಕರೆ ಡೆಪ್ತ್ ಚಾರ್ಜ್ ಎಂಬ ಸಿಡಿಮದ್ದಿನ ಪೀಪಾಯಿಗಳನ್ನು ಸಮುದ್ರಕ್ಕೆ ಉರುಳಿಸುವುದು ಇಂಥ ಹಡಗುಗಳ ಕೆಲಸ. 1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿದಾಗ ಕೆಂಪು ಸಮುದ್ರದ ಮಸಾವಾ ಬಂದರಿನಲ್ಲಿ ಅದರ ಎಂಟು ಜಲಾಂತರ್ಗಾಮಿಗಳಿದ್ದವು. ಅಬಾದಾನಿನ ತೈಲ ಹೊರಬೀಳುವ ಹಾದಿಯನ್ನು ಕಾಯಲು ಅವುಗಳಲ್ಲಿ ಗಾಲ್ವಾನಿ ಒಮಾನ್ ಕೊಲ್ಲಿಗೆ ಬಂತು.

ವೈದ್ಯರಾದ ನಮ್ಮನ್ನು ಹೆಚ್ಚು ಕಾಡಿದ್ದು ಗುಂಡು ಮದ್ದಿನ ಕಥೆಯಲ್ಲ, ಏರ್ ಕಂಡೀಶನಿನ ಕಥೆ. ಈ ಇಟಾಲಿಯನ್ ಜಲಾಂತರ್ಗಾಮಿಗಳ ತಂಪು ಯಂತ್ರಗಳಲ್ಲಿ ಮೀಥೈಲ್ ಕ್ಲೋರೈಡ್ ಅನಿಲ ಬಳಸುತ್ತಿದ್ದರು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಗಮನಕ್ಕೆ ಬಾರದಷ್ಟು ನವಿರು. ಸೋರಿದರೆ ಮೊದಲು ತಲೆನೋವು, ತಲೆಸುತ್ತು. ಆಮೇಲೆ ಕುಡಿದವನಂತೆ ತೊದಲು, ತೂರಾಟ, ಭ್ರಮೆ. ಕೊನೆಗೆ ಸೆಳವು, ಸಾವು. ಜೂನ್ ತಿಂಗಳ ಈ ಕಡಲಿನ ಸೆಖೆ ಎಂಥದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಯಂತ್ರ ನಿಲ್ಲಿಸಿದರೆ ಉಕ್ಕಿನ ಕೊಳವೆಯೊಳಗೆ ಬೇಯಬೇಕು, ನಡೆಸಿದರೆ ವಿಷ ಕುಡಿಯಬೇಕು. 'ಮಕಾಲೆ' ಎಂಬ ಜಲಾಂತರ್ಗಾಮಿ ಈ ಅನಿಲದಿಂದಲೇ ದಿಕ್ಕುತಪ್ಪಿ ಜೂನ್ 15ರಂದು ದಿಬ್ಬಕ್ಕೆ ಹತ್ತಿ ಕೂತಿತು. 'ಆರ್ಕಿಮಿಡೀಸ್' ಕೆಲವು ನಾವಿಕರನ್ನು ಕಳೆದುಕೊಂಡು ಹಿಂದಿರುಗಿತು.

ಇನ್ನು ಬೇಟೆಯ ಸಂಗತಿ. ಜೂನ್ 19ರಂದು ಏಡನ್ ಬಳಿ, ಮೀನುಗಾರಿಕೆ ದೋಣಿಯ ಮಾದರಿಯ 'ಮೂನ್‌ಸ್ಟೋನ್' ಎಂಬ ಪುಟ್ಟ ಬ್ರಿಟಿಷ್ ಹಡಗು 'ಗೆಲಿಲಿಯೋ ಗೆಲಿಲಿ' ಜಲಾಂತರ್ಗಾಮಿಯನ್ನು ಸೆರೆಹಿಡಿಯಿತು. ಒಳಗೆ ಸಿಕ್ಕ ಕಾಗದಪತ್ರಗಳಲ್ಲಿ ಉಳಿದ ಜಲಾಂತರ್ಗಾಮಿಗಳು ಎಲ್ಲೆಲ್ಲಿ ಹೊಂಚುಹಾಕಿವೆ ಎಂಬ ವಿವರವಿತ್ತು. ಅಲ್ಲಿಗೆ ಗಾಲ್ವಾನಿಯ ಆಯುಷ್ಯ ಮುಗಿದಂತಾಯಿತು. ಫಾಲ್ಮತ್ತಿನವರು ಕುರುಡಾಗಿ ಕಡಲು ಸೋಸಬೇಕಾಗಿರಲಿಲ್ಲ.

ಜೂನ್ 23ರ ರಾತ್ರಿ ಕಳೆದು 24ಕ್ಕೆ ಕಾಲಿಡುವ ಹೊತ್ತು. ಗಾಲ್ವಾನಿ ನೀರಿನ ಮೇಲೆಯೇ ಇತ್ತು. ಫಾಲ್ಮತ್ ಕಂಡೊಡನೆ ಗುಂಡು ಹಾರಿಸಿತು. ಜಲಾಂತರ್ಗಾಮಿ ಮುಳುಗತೊಡಗುವಷ್ಟರಲ್ಲಿ ಅದರ ಹಿಂಭಾಗದ ಟಾರ್ಪಿಡೋ ಕೋಣೆಗೆ ಗುಂಡು ಬಿದ್ದು ನೀರು ನುಗ್ಗಿತು. ಆ ಕೋಣೆಯಲ್ಲಿದ್ದ ಪಿಯೆತ್ರೋ ವೆನೂತಿ ಎಂಬ ನಾವಿಕ ತಾನು ಹೊರಗೆ ಬರದೆ, ಒಳಗಿನಿಂದಲೇ ಬಾಗಿಲು ಮುಚ್ಚಿದ. ನೀರು ಅಲ್ಲಿಗೇ ತಡೆಯಿತು. ಡೆಪ್ತ್ ಚಾರ್ಜಿನ ಹೊಡೆತಕ್ಕೆ ಮತ್ತೆ ಮೇಲೆದ್ದ ಗಾಲ್ವಾನಿಯಿಂದ 31 ಮಂದಿ ಜೀವಂತ ಹೊರಬಂದರು. 26 ಮಂದಿ ಹೋದರು. ಇಟಲಿ ವೆನೂತಿಗೆ ಮರಣೋತ್ತರ ಚಿನ್ನದ ಶೌರ್ಯ ಪದಕ ನೀಡಿತು. 2014ರಲ್ಲಿ ನೀರಿಗಿಳಿಸಿದ ಜಲಾಂತರ್ಗಾಮಿಗೆ ಅವನ ಹೆಸರಿಟ್ಟಿತು. ಅವನು ಶತ್ರುಪಕ್ಷದವನೆಂದು ಫಾಲ್ಮತ್ತಿನ ಕಥೆಯಲ್ಲಿ ಅವನನ್ನು ಬಿಟ್ಟುಬಿಡಲು ನಮಗೆ ಮನಸ್ಸಾಗಲಿಲ್ಲ.

ಇಲ್ಲೊಂದು ತಕರಾರು. ಅದೇ ಜೂನ್ 23ರಂದು ಮುಂಬೈ ಹೊರಗಡಲಿನಲ್ಲಿ ನಮ್ಮ ರಾಯಲ್ ಇಂಡಿಯನ್ ನೇವಿಯ 'ಪಠಾಣ್' ಎಂಬ ಕಾವಲು ಹಡಗು ಮುಳುಗಿತು. ಅದನ್ನು ಮುಳುಗಿಸಿದ್ದು ಗಾಲ್ವಾನಿಯೇ ಎಂದು ಹಲವು ಪುಸ್ತಕಗಳು ಬರೆದಿವೆ. ಭೂಪಟ ಹರವಿ ಅಳೆದು ನೋಡಿ. ಮುಂಬೈಯಿಂದ ಗಾಲ್ವಾನಿ ಮುಳುಗಿದ ಜಾಗಕ್ಕೆ 900 ನಾಟಿಕಲ್ ಮೈಲಿಗೂ ಹೆಚ್ಚು. ಆ ಜಲಾಂತರ್ಗಾಮಿಯ ವೇಗವೋ, ನೀರಿನ ಮೇಲೆ ಹೆಚ್ಚೆಂದರೆ ಗಂಟೆಗೆ 17 ನಾಟಿಕಲ್ ಮೈಲಿ. ಒಂದೇ ದಿನದಲ್ಲಿ ಎರಡೂ ಕಡೆ ಇರಲು ಅದೇನು ಪುಷ್ಪಕ ವಿಮಾನವೇ? ಪಠಾಣಿನ ಸಾವಿಗೆ ಬೇರೆ ಕಾರಣ ಹುಡುಕಬೇಕು.

ಫಾಲ್ಮತ್ ಯುದ್ಧ ಮುಗಿಯುವವರೆಗೂ ಉಳಿಯಿತು. 1952ರಲ್ಲಿ 'ಕ್ಯಾಲಿಯೋಪಿ' ಎಂಬ ಹೆಸರು ಹೊತ್ತು ಇಂಗ್ಲೆಂಡಿನ ಟೈನ್ ನದಿಯಲ್ಲಿ ತರಬೇತಿ ಹಡಗಾಯಿತು. 1968ರಲ್ಲಿ ಗುಜರಿಗೆ ಹೋಯಿತು. ಯುದ್ಧದ ಬಿಸಿ ಕತಾರಿಗೂ ತಟ್ಟಿತ್ತು. 1938ರಲ್ಲಿ ಕೊರೆಯಲಾರಂಭಿಸಿದ ದುಖಾನಿನಲ್ಲಿ ತೈಲ ಸಿಕ್ಕರೂ 1942ರಲ್ಲಿ ಬಾವಿಗಳನ್ನು ಮುಚ್ಚಿಬಿಟ್ಟರು. ಮೊದಲ ತೈಲ ಹಡಗು ಉಮ್ ಸಯೀದಿನಿಂದ ಹೊರಟದ್ದು 1949ರ ಡಿಸೆಂಬರಿನಲ್ಲಿ. ಆ ತೈಲದ ಬೆನ್ನಿಗೇ ನಮ್ಮ ಕರಾವಳಿಯ ಹಿರಿಯರು ಮುಂಬೈಯಲ್ಲಿ 'ದುಮ್ರಾ', 'ದ್ವಾರಕಾ' ಹಡಗು ಹತ್ತಿ ಇತ್ತ ಬರತೊಡಗಿದರು. 1982ರಲ್ಲಿ ದ್ವಾರಕಾ ನಿವೃತ್ತವಾಗುವ ತನಕ ಡೆಕ್ಕಿನ ಮೇಲೆ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಗಾಲ್ವಾನಿ ಮುಳುಗಿದ ಆ ಒಮಾನ್ ಕೊಲ್ಲಿಯನ್ನು ಹಾದುಬಂದವರು ಇವರು.