ಹಂದಿಯ ಉಸಿರಿನ ದಾರಿ

1960ರಲ್ಲಿ ಮೆಲ್ಬರ್ನ್‌ನ ಆಸ್ಪತ್ರೆಯೊಂದಕ್ಕೆ ಕಾಲು ಮುರಿದುಕೊಂಡ 21 ವರ್ಷದ ತರುಣನೊಬ್ಬ ಬಂದ. ಮುರಿದ ಕಾಲಿಗಿಂತ ಅವನಿಗೆ ಅರಿವಳಿಕೆಯದೇ ಹೆದರಿಕೆ. ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ಕೊಟ್ಟಾಗ ಸತ್ತಿದ್ದರು. ವೈದ್ಯರು ಈಥರ್ ಬಿಟ್ಟು ಹ್ಯಾಲೋಥೇನ್ ಕೊಟ್ಟರು. ಆದರೂ ಅವನ ಮೈ ಕಾದು ಬೆಂಕಿಯಾಯಿತು. ಅರಿವಳಿಕೆ ನಿಲ್ಲಿಸಿ, ಮಂಜುಗಡ್ಡೆಯಿಂದ ಮೈ ತಣಿಸಿ ಅವನನ್ನು ಉಳಿಸಿಕೊಂಡರು. ಡೆನ್‌ಬರೊ ಮತ್ತು ಲೊವೆಲ್ ಎಂಬ ವೈದ್ಯರು ಆ ಕುಟುಂಬದ ಕತೆಯನ್ನು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಕಾರಣ ಮಾತ್ರ ತಿಳಿಯಲಿಲ್ಲ. ಅದನ್ನು ಹುಡುಕಲು ನೆರವಾದದ್ದು ಹಂದಿ.

ಉಸಿರಿನ ವಿಷಯದಲ್ಲಿ ಮನುಷ್ಯ ಹಂದಿಯಿಂದ ಕಲಿತದ್ದು ಅದೇ ಮೊದಲಲ್ಲ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ತನ್ನ ಅಂಗರಚನಾ ಗ್ರಂಥದ ಕೊನೆಯಲ್ಲಿ ಆಂಡ್ರಿಯಾಸ್ ವೆಸಾಲಿಯಸ್ ಒಂದು ಪ್ರಯೋಗವನ್ನು ವಿವರಿಸಿದ್ದಾನೆ. ಹಲಗೆಗೆ ಬಿಗಿದು ಕಟ್ಟಿದ ಜೀವಂತ ಹಂದಿಯ ಕತ್ತು ಸೀಳಿ, ಶ್ವಾಸನಾಳಕ್ಕೆ ಜೊಂಡಿನ ಕೊಳವೆ ತೂರಿಸಿ ಊದಿದರೆ, ಕುಸಿದ ಶ್ವಾಸಕೋಶ ಮತ್ತೆ ಉಬ್ಬುತ್ತದೆ, ಸೋತ ಹೃದಯ ಚೇತರಿಸಿಕೊಳ್ಳುತ್ತದೆ. ಅರಿವಳಿಕೆ ಬರಲು ಇನ್ನೂ ಮುನ್ನೂರು ವರ್ಷವಿತ್ತು. ಆ ನೋವನ್ನು ಪ್ರಾಣಿ ಎಚ್ಚರದಲ್ಲೇ ಉಂಡಿತು.

1846ರ ನಂತರ ಈಥರ್, ಕ್ಲೋರೋಫಾರ್ಮ್ ಬಂದವು. ಅವುಗಳ ಜೊತೆಗೆ ಸಾವುಗಳೂ ಬಂದವು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ಜಗಳ ನಮ್ಮ ಹೈದರಾಬಾದಿಗೂ ತಲುಪಿತು. ಕಲಬುರಗಿ, ಬೀದರ, ರಾಯಚೂರುಗಳನ್ನೂ ಆಳುತ್ತಿದ್ದ ನಿಜಾಮರ ಹಣದಲ್ಲಿ ಸರ್ಜನ್ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದ. ನೂರಾರು ನಾಯಿಗಳ ಮೇಲಿನ ಪ್ರಯೋಗದಿಂದ ಅವನು ಕಂಡುಕೊಂಡದ್ದು: ಉಸಿರೇ ಮೊದಲು ನಿಲ್ಲುತ್ತದೆ, ಅದರ ಮೇಲೆ ಕಣ್ಣಿಡಿ. ಹೃದಯವೂ ಥಟ್ಟನೆ ನಿಲ್ಲಬಹುದೆಂದು 1911ರಲ್ಲಿ ಲೆವಿ ಬೆಕ್ಕುಗಳಲ್ಲಿ ತೋರಿಸಿದ. ಲಾರಿಯ ತೀರ್ಮಾನ ಅರ್ಧ ಸತ್ಯ. ಆದರೆ ಅವನ ಎಚ್ಚರಿಕೆ ಇಂದಿಗೂ ಬೇಕು, ಹಂದಿಯ ವಿಷಯದಲ್ಲಂತೂ ಇನ್ನೂ ಹೆಚ್ಚು.

ಏಕೆಂದರೆ ವೆಸಾಲಿಯಸ್ ಕತ್ತು ಸೀಳಿ ಸುಲಭವಾಗಿ ಇಳಿಸಿದ ಕೊಳವೆಯನ್ನು ಬಾಯಿಯ ಮೂಲಕ ಇಳಿಸುವುದು ಪಶುವೈದ್ಯರಿಗೆ ನಿಜವಾದ ಸವಾಲು. ಹಂದಿಯ ಮೂತಿ ಉದ್ದ, ಬಾಯಿ ತೆರೆಯುವುದು ಕಡಿಮೆ, ನಾಲಗೆ ದಪ್ಪ. ಮೈಗಾತ್ರಕ್ಕೆ ಹೋಲಿಸಿದರೆ ಶ್ವಾಸನಾಳ ಕಿರಿದು. ಧ್ವನಿಪೆಟ್ಟಿಗೆ ಶ್ವಾಸನಾಳಕ್ಕೆ ನೇರವಾಗಿ ಸೇರದೆ ಓರೆಯಾಗಿ ಸೇರುತ್ತದೆ. ಅದರ ತಳದಲ್ಲಿರುವ ಗುಳಿಯಲ್ಲಿ ಕೊಳವೆಯ ತುದಿ ಸಿಕ್ಕಿಬೀಳುತ್ತದೆ. ಒತ್ತಾಯ ಮಾಡಿದರೆ ಗಾಯ. ಕೊಳವೆಯನ್ನು ಮೆಲ್ಲನೆ ತಿರುಗಿಸಿದರೆ ದಾರಿ ಸಿಗುತ್ತದೆ. ಮುಟ್ಟಿದೊಡನೆ ಧ್ವನಿತಂತುಗಳು ಬಿಗಿದುಕೊಳ್ಳುವುದರಿಂದ ಮೊದಲೇ ಲಿಡೋಕೇನ್ ಸಿಂಪಡಿಸಿ ಕಾಯಬೇಕು. ತೀರಾ ಆಳಕ್ಕೆ ಇಳಿಸುವಂತೆಯೂ ಇಲ್ಲ: ಬಲ ಶ್ವಾಸಕೋಶದ ಮೇಲ್ಭಾಗಕ್ಕೆ ಹೋಗುವ ಕವಲು ಹಂದಿಯಲ್ಲಿ ಶ್ವಾಸನಾಳದಿಂದಲೇ ಮೊದಲೇ ಒಡೆಯುತ್ತದೆ, ಕೊಳವೆ ಅದನ್ನು ಮುಚ್ಚಿಬಿಡಬಹುದು.

ಮನುಷ್ಯರಿಗೆ ಕೊಳವೆ ಇಳಿಸುವಾಗ ಸ್ನಾಯು ಸಡಿಲಿಸಲು ಸಕ್ಸಾಮೆಥೋನಿಯಂ ಎಂಬ ಔಷಧ 1950ರ ದಶಕದಿಂದ ಬಳಕೆಯಲ್ಲಿತ್ತು. 1966ರಲ್ಲಿ ಕೇಂಬ್ರಿಜ್‌ನ ಪಶುವೈದ್ಯ ಹಾಲ್ ಮತ್ತು ಸಂಗಡಿಗರು, ಹ್ಯಾಲೋಥೇನ್ ಪಡೆದಿದ್ದ ಕೆಲವು ಹಂದಿಗಳಿಗೆ ಇದನ್ನು ಕೊಟ್ಟಾಗ ನಡೆದದ್ದನ್ನು ವರದಿ ಮಾಡಿದರು. ಸ್ನಾಯು ಸಡಿಲಾಗುವ ಬದಲು ಮರದಂತೆ ಸೆಟೆದುಕೊಂಡಿತು, ಮೈ ಸುಡತೊಡಗಿತು, ಹಂದಿಗಳು ಸತ್ತವು. ಮೆಲ್ಬರ್ನ್ ತರುಣನ ಕುಟುಂಬವನ್ನು ಕಾಡಿದ್ದೂ ಇಂಥದ್ದೇ ಬೇನೆ. ಹೆಚ್ಚು ಮಾಂಸಕ್ಕೆಂದು ಆರಿಸಿ ಬೆಳೆಸಿದ ಪಿಯೆತ್ರೆನ್, ಲ್ಯಾಂಡ್‌ರೇಸ್‌ನಂಥ ತಳಿಗಳಲ್ಲಿ ಈ ದೋಷ ಹೆಚ್ಚು. ಮಾಂಸದ ಆಸೆಯೇ ದೋಷವನ್ನೂ ಬೆಳೆಸಿತ್ತು.

ಈಗ ಪರೀಕ್ಷಿಸಲು ಒಂದು ಪ್ರಾಣಿ ಸಿಕ್ಕಿತು. 1975ರಲ್ಲಿ ಕೇಪ್‌ಟೌನ್‌ನ ಹ್ಯಾರಿಸನ್, ಡ್ಯಾಂಟ್ರೋಲೀನ್ ಔಷಧದಿಂದ ಇಂಥ ಹಂದಿಗಳು ಬದುಕುವುದನ್ನು ತೋರಿಸಿದ. 1991ರಲ್ಲಿ ಟೊರಾಂಟೊದ ಮ್ಯಾಕ್ಲೆನನ್ ತಂಡ ಹಂದಿಯ ವಂಶವಾಹಿಯಲ್ಲಿ ತಪ್ಪಿದ ಒಂದೇ ಒಂದು ಅಕ್ಷರವನ್ನು ಗುರುತಿಸಿತು. ತಳಿಗಾರರು ಅದನ್ನು ಪರೀಕ್ಷಿಸಿ ದೋಷವನ್ನು ಕೈಬಿಡುವಂತಾಯಿತು. ಒಂದು ಕಾಲದಲ್ಲಿ ಈ ಬೇನೆ ಬಂದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಈಗ ಬೇಗ ಗುರುತಿಸಿ ಔಷಧ ಕೊಟ್ಟರೆ ಹೆಚ್ಚಿನವರು ಉಳಿಯುತ್ತಾರೆ.

ಶಸ್ತ್ರಚಿಕಿತ್ಸೆಯ ಕೋಣೆಗಳಲ್ಲಿ ಡ್ಯಾಂಟ್ರೋಲೀನ್ ಸೀಸೆಗಳನ್ನು ತೆಗೆದಿರಿಸುವುದು ಈ ಕಾರಣಕ್ಕೆ. ಆ ಸೀಸೆಯ ಹಿಂದೆ ಹೆಸರಿಲ್ಲದ ಹಲವು ಹಂದಿಗಳ ಸಾವಿದೆ. ಇಂದು ಹಂದಿಯೊಂದನ್ನು ಶಸ್ತ್ರಚಿಕಿತ್ಸೆಗೆ ಮಲಗಿಸುವಾಗ ಅದರ ಉಸಿರಿನ ದಾರಿಯನ್ನು ಜೋಪಾನವಾಗಿ ಕಾಯುವುದು ಕೌಶಲದ ಮಾತು ಮಾತ್ರವಲ್ಲ, ಹಳೆಯ ಸಾಲದ ತೀರುವಳಿಯೂ ಹೌದು.