ಅನ್ನ ಬಿಟ್ಟು ಮುದ್ದೆ ತಿಂದರೆ ಶುಗರ್ ಮಾತ್ರೆ ಬೇಡವೇ?

ಹೇಳಿಕೆ

'ಅನ್ನ ಬಿಡಿ, ಮೂರು ಹೊತ್ತೂ ರಾಗಿ ತಿನ್ನಿ, ಶುಗರ್ ವಾಸಿಯಾಗುತ್ತದೆ, ಮಾತ್ರೆ ಎಸೆಯಿರಿ.' ಪೀಣ್ಯದ ಕಾರ್ಖಾನೆಯವರಿಂದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಟೆಕ್ಕಿಗಳವರೆಗೆ ಎಲ್ಲರ ವಾಟ್ಸಾಪ್‌ಗೂ ಬರುವಂಥ ಸಂದೇಶವಿದು.

ನಿಜವೇನು?

ಇದು ಅರ್ಧ ಸತ್ಯ. ತೂಕ ಇಳಿಸಿದರೆ ಟೈಪ್ 2 ಮಧುಮೇಹ ಹತೋಟಿಗೆ ಬರುತ್ತದೆ. ಕೆಲವರಿಗೆ ಮಾತ್ರೆಯೇ ಬೇಡವಾಗಬಹುದು. ಆದರೆ ಅದು ರಾಗಿಯೊಂದರಿಂದಲೇ ಆಗುವುದಿಲ್ಲ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದಂತೂ ಅಪಾಯ.

ರಾಗಿಯಲ್ಲಿ ಏನಿದೆ?

100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ನಾರಿನಂಶ ಅಕ್ಕಿಯಲ್ಲಿ ಸುಮಾರು 3 ಗ್ರಾಂ, ರಾಗಿಯಲ್ಲಿ 11 ಗ್ರಾಂ. ಅಂದರೆ ರಾಗಿ ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆ ತಿಂದರೆ ಸಕ್ಕರೆ ಏರದೆ ಇರದು.

2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನವೂ ಇದನ್ನೇ ಹೇಳುತ್ತದೆ. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟದಿಂದಲೇ ಬರುತ್ತಿದೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯ ತಿಂದ ಮಾತ್ರಕ್ಕೆ ಮಧುಮೇಹದ ಸಾಧ್ಯತೆ ತಗ್ಗಿದ್ದು ಕಂಡಿಲ್ಲ. ಒಟ್ಟು ಪಿಷ್ಟ ಕಡಿಮೆಯಾಗಿ, ಆ ಜಾಗಕ್ಕೆ ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನ್ ಬಂದರೆ ಸಾಧ್ಯತೆ ಕಡಿಮೆ.

ತೂಕ ಇಳಿದರೆ ಏನಾಗುತ್ತದೆ?

ಯಕೃತ್ತು ಮತ್ತು ಮೇದೋಜ್ಜೀರಕ ಗ್ರಂಥಿಯಲ್ಲಿ ತುಂಬಿದ ಕೊಬ್ಬು ಕರಗುತ್ತದೆ, ಇನ್ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡತೊಡಗುತ್ತದೆ. ಬ್ರಿಟನ್ನಿನ 'ಡೈರೆಕ್ಟ್' ಪ್ರಯೋಗದಲ್ಲಿ (2017) ವೈದ್ಯರ ನಿಗಾದಲ್ಲಿ ತೂಕ ಇಳಿಸಿದ ಗುಂಪಿನ ಶೇ 46 ಮಂದಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. ಎರಡನೇ ವರ್ಷಕ್ಕೆ ಈ ಪ್ರಮಾಣ ಶೇ 36ಕ್ಕೆ ಇಳಿಯಿತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ಇದನ್ನು 'ವಾಸಿ' ಎನ್ನುವಂತಿಲ್ಲ, ತೂಕ ಮರಳಿದರೆ ಸಕ್ಕರೆಯೂ ಮರಳಬಹುದು.

ಮಾತ್ರೆ ಬಿಟ್ಟರೆ?

ಏರಿದ ಸಕ್ಕರೆ ಬಹಳ ದಿನ ನೋವು ಕೊಡುವುದಿಲ್ಲ. ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಕೆಡಿಸುತ್ತದೆ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾ ದಿಢೀರನೆ ಊಟ ಕಡಿಮೆ ಮಾಡಿದರೆ ಸಕ್ಕರೆ ಕುಸಿದು ತಲೆ ಸುತ್ತಬಹುದು, ಪ್ರಜ್ಞೆ ತಪ್ಪಬಹುದು. ಯಂತ್ರದ ಮುಂದೆ ನಿಂತವರಿಗೆ, ಕ್ಯಾಬ್ ಓಡಿಸುವವರಿಗೆ ಇದು ಪ್ರಾಣಕ್ಕೇ ಕುತ್ತು.

ಶಿಫ್ಟ್ ಕೆಲಸದವರು ಏನು ಮಾಡಬಹುದು?

• ಕ್ಯಾಂಟೀನ್ ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ ಇರಲಿ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ, ಎರಡರಲ್ಲಿ ಒಂದು.
• ರಾತ್ರಿ ಪಾಳಿಯ ಟೀ ಲೆಕ್ಕ ಹಾಕಿ. ಎರಡೆರಡು ಚಮಚ ಸಕ್ಕರೆಯ ಐದು ಟೀ ಎಂದರೆ ಸುಮಾರು 40 ಗ್ರಾಂ ಸಕ್ಕರೆ.
• ಸೊಂಟದ ಸುತ್ತಳತೆ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ.
• ತೂಕ ಇಳಿಯತೊಡಗಿದಾಗ ವೈದ್ಯರಿಗೆ ತಿಳಿಸಿ. ಎಚ್‌ಬಿಎ1ಸಿ ಪರೀಕ್ಷೆ ನೋಡಿ ಮಾತ್ರೆ ಕಡಿಮೆ ಮಾಡುವುದು ಅವರ ಕೆಲಸ.

ಕೊನೆಯ ಮಾತು

ಮುದ್ದೆ ತಿನ್ನಿ, ಅಳತೆಯಲ್ಲಿ ತಿನ್ನಿ, ತೂಕ ಇಳಿಸಿ. ಆದರೆ 'ಮಾತ್ರೆ ಎಸೆಯಿರಿ' ಎಂಬ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿ ಮಾತ್ರೆ ಬಿಡುವವರು ನಿಮ್ಮ ಮನೆಯವರೇ ಆಗಿರಬಹುದು.